ನಾಲ್ಕು ಬೆರಳು ಉದ್ದದ ಪ್ಯಾಂಟು

ಫೆಬ್ರವರಿ 3
ಅಕ್ಕ, ಧ್ವನಿ ಸಂದೇಶ

…ನಾಲ್ಕು ಮಾರ್ಕು ಕಟ್ ಮಾಡಿದ್ಳು ಕಣೋ. ಯಾಕೆ ಅಂತ ಕೇಳು. ದಿಂಬಿನ ಬಾಯಿ ಬಾಗಿಲ ಕಡೆ ತಿರುಗಿತ್ತಂತೆ. ಬಚ್ಚಲಲ್ಲಿ ಒಂದು ಕೂದಲೆಳೆ ಇಲ್ಲ, ಚಾದರ ತಮಟೆ ಥರ ಬಿಗಿದಿದೀನಿ, ನಲ್ಲೀಲಿ ಮುಖ ನೋಡ್ಕೊಂಡು ತಲೆ ಬಾಚ್ಕೋಬಹುದು. ಅದೆಲ್ಲ ಕಣ್ಣಿಗೆ ಬೀಳ್ಲಿಲ್ಲ, ದಿಂಬಿನ ಬಾಯಿ ಬಿತ್ತು. ಬೆಳಗ್ಗೆಯಿಂದ ಇದೇ ಹಣೆಬರಹ. ಮೊದಲು ಲಿಫ್ಟು ಕೆಟ್ಟು ನನ್ನ ತಳ್ಳೋ ಗಾಡಿ ಒಳಗೇ ಸಿಕ್ಕಾಕ್ಕೊಂತು. ಆಮೇಲೆ ಯಾವನೋ ಮಹಾರಾಯ ಬಿಳಿ ಟವಲಲ್ಲಿ ಶೂ ಒರೆಸಿ, ಅದನ್ನ ಮಡಚಿ ಬೇರೆ ಇಟ್ಟಿದ್ದ.

ನಮ್ಮ ಸೂಪರ್‌ವೈಸರಮ್ಮನ ವಿಷಯ ಹೇಳಿದೀನಲ್ಲ, ಬಿಳಿ ಕೈಗವಸು ಹಾಕ್ಕೊಂಡು ಬಾಗಿಲ ಚೌಕಟ್ಟಿನ ಮೇಲೆಲ್ಲ ಬೆರಳು ಎಳೀತಾಳೆ ಅಂತ. ಅವಳಿಗೆ ನಾವೆಲ್ಲ ಕೈಗವಸಿನಮ್ಮ ಅಂತೀವಿ. ರೂಮು ರೂಮಿಗೂ ನೂರಕ್ಕೆ ಇಷ್ಟು ಅಂತ ಮಾರ್ಕು ಹಾಕ್ತಾಳೆ. ಓದೂ ಬೇಡ, ಮಾರ್ಕೂ ಬೇಡ ಅಂತ ಸಮುದ್ರ ದಾಟಿ ಬಂದು ಹೋಟೆಲ್ ಕೆಲಸಕ್ಕೆ ಸೇರಿದ್ರೆ, ಇಲ್ಲಿ ಹಾಸಿಗೆ ಹಾಸೋಕೂ ಮಾರ್ಕು. ಎಲ್ಲಿ ಹೋದ್ರೂ ಬೆನ್ನು ಬಿಡಲ್ಲ ಇದು.

ಈಗ ಕ್ವಾರ್ಟರ್ಸಿನ ಮೆಟ್ಟಿಲ ಮೇಲೆ ಕೂತಿದೀನಿ. ರೂಮಲ್ಲಿ ಮಾತಾಡಿದ್ರೆ ಉಳಿದ ಮೂವರೂ ಸೇರಿ ಚಪ್ಪಲಿ ಎಸೀತಾರೆ. ನಿದ್ದೆ ಬರಲ್ಲ, ಏನ್ಮಾಡ್ಲಿ, ಕಾಲು ಇನ್ನೂ ಗಾಡಿ ತಳ್ತಾನೇ ಇದೆ ಅನ್ಸುತ್ತೆ.

ಮೇಷ್ಟ್ರೇ, ಭಾನುವಾರದ ಟೆಸ್ಟ್ ಏನಾಯ್ತು? ಸರಿಯಾಗಿ ನಡೆಯೋಕೂ ಬರದೇ ಇದ್ದಾಗಲೇ ನನ್ನ ಕಾಪಿ ಪುಸ್ತಕದ ಮೇಲೆ ಕೆಂಪು ಪೆನ್ನು ಆಡಿಸಿದ ಮೇಷ್ಟ್ರು ನೀನು. ಆ ದೊಡ್ಡ ಕಾಲೇಜಿಗೆ ನೀನೊಬ್ಬ ಸೇರಿಬಿಟ್ರೆ ನಮ್ಮನೇಲಿ ಇನ್ಯಾರೂ ಪರೀಕ್ಷೆ ಬರೆಯೋದೇ ಬೇಡ, ಮೂರು ತಲೆಮಾರಿಗೆ ಸಾಕು. ನನ್ನ ಕಡೆಯಿಂದಲೂ ಒಂದು ಒಳ್ಳೆ ಸುದ್ದಿ ಬರೋದಿದೆ. ಈಗಲೇ ಬಾಯಿ ಬಿಟ್ರೆ ಕೆಡುತ್ತೆ. ಬಂದ್ಮೇಲೆ ಹೇಳ್ತೀನಿ.


ಫೆಬ್ರವರಿ 5
ತಮ್ಮ, ಟೈಪ್ ಮಾಡಿದ್ದು

ಅಕ್ಕ,

ಹಾಸ್ಟೆಲಿನಲ್ಲಿ ಸಂಜೆ ಮಾತ್ರ ಫೋನ್ ಕೈಗೆ ಕೊಡುತ್ತಾರೆ. ಅದೂ ಓದುವ ಕೋಣೆಯಲ್ಲಿ. ಅಲ್ಲಿ ಮಾತಾಡುವಂತಿಲ್ಲ, ಆದ್ದರಿಂದ ಟೈಪ್ ಮಾಡುತ್ತಿದ್ದೇನೆ. ನಿನ್ನ ಮಾತನ್ನು ಇಯರ್‌ಫೋನ್ ಹಾಕಿಕೊಂಡು ಎರಡು ಸಲ ಕೇಳಿದೆ. ನನ್ನ ಕೋಣೆಯ ಹುಡುಗ, ‘ಯಾವ ಪಾಠ ಕೇಳ್ತಿದ್ದೀಯ?’ ಎಂದ. ದಿಂಬಿನ ಪಾಠ ಎಂದೆ. ಅದು ಸಿಲಬಸ್ಸಿನಲ್ಲಿ ಇದೆಯೇ ಎಂದು ನಿಜವಾಗಿಯೂ ಗಾಬರಿಯಾದ.

ಟೆಸ್ಟ್ ಪರವಾಗಿಲ್ಲ. ಕೋಚಿಂಗಿನಲ್ಲಿ ನನ್ನ ಜಾಗ ಬದಲಾಗಿದೆ. ಮೊದಲು ಎರಡನೆಯ ಸಾಲಿನಲ್ಲಿದ್ದೆ, ಈಗ ಕೊನೆಯ ಸಾಲು, ಕಿಟಕಿಯ ಪಕ್ಕ. ಗಾಳಿ ಚೆನ್ನಾಗಿ ಬರುತ್ತದೆ. ರಸ್ತೆಯ ಆಚೆ ಒಂದು ಸೈಕಲ್ ರಿಪೇರಿ ಅಂಗಡಿ ಕಾಣುತ್ತದೆ. ಅಂಗಡಿಯವರು ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ, ಸ್ವಲ್ಪ ಸ್ವಲ್ಪವೇ ತಿರುಗಿಸುತ್ತಾ, ಗುಳ್ಳೆ ಎಲ್ಲಿಂದ ಬರುತ್ತದೆಂದು ನೋಡುತ್ತಾರೆ. ಗುಳ್ಳೆ ಬಂದ ಕಡೆ ಬೆರಳಿಟ್ಟು ನಗುತ್ತಾರೆ. ನೋಡುತ್ತಾ ಕೂತರೆ ಹೊತ್ತು ಹೋಗಿದ್ದೇ ತಿಳಿಯುವುದಿಲ್ಲ.

ದಿಂಬಿನ ಬಾಯಿ ಯಾವ ಕಡೆ ಇದ್ದರೆ ಏನಾಗುತ್ತದೆ? ಆ ಒಳ್ಳೆಯ ಸುದ್ದಿ ಏನು?


ಫೆಬ್ರವರಿ 6
ಅಕ್ಕ, ಧ್ವನಿ ಸಂದೇಶ

ಉದ್ದ ಆಗಿದೀನಿ ಅಂತ ನೇರವಾಗಿ ಹೇಳೋಕೆ ಏನ್ ಸಂಕಟ ನಿಂಗೆ? ಕೊನೇ ಸಾಲಂತೆ, ಕಿಟಕಿಯಂತೆ, ಗಾಳಿಯಂತೆ. ನಮ್ಮ ಸ್ಕೂಲಲ್ಲಿ ವರ್ಷಕ್ಕೊಂದು ಸಲ ಗೋಡೆಗೆ ಒರಗಿಸಿ ನಿಲ್ಲಿಸಿ, ಕುಳ್ಳರು ಮುಂದೆ ಉದ್ದದೋರು ಹಿಂದೆ ಅಂತ ಕೂರಿಸ್ತಿದ್ರಲ್ಲ, ಅಲ್ಲೂ ಅದೇನಾ? ನಾನು ಸೇರಿದಾಗಿಂದ ಬಿಡೋವರೆಗೂ ಮೊದಲನೇ ಬೆಂಚಲ್ಲೇ ಸೀಮೆಸುಣ್ಣದ ಪುಡಿ ತಿಂದೆ. ಕಿಟಕಿ ಪಕ್ಕದ ಜಾಗ ಅಂದ್ರೆ ನಂಗೆ ಆಗ ಸ್ವರ್ಗ. ಸದ್ಯ, ನೀನಾದ್ರೂ ಅಲ್ಲಿಗೆ ಮುಟ್ಟಿದೆ.

ಅಮ್ಮಂಗೆ ಫೋನ್ ಮಾಡಿ ಹೇಳೂ ಬಿಟ್ಟೆ. ಹೊಲಿಗೆ ಮಿಷನ್ ನಿಲ್ಸಿ ಕೇಳಿದ್ಳು, ‘ಎಷ್ಟು ಉದ್ದ ಆಗಿದಾನೇ?’ ಅಂತ. ನಾನೇನು ಟೇಪು ಹಿಡ್ಕೊಂಡು ನೋಡಿದೀನಾ? ‘ಎರಡನೇ ಸಾಲಿಂದ ಕೊನೇ ಸಾಲಿಗೆ ಹಾಕಿದಾರೆ ಅಂದ್ರೆ ನಾಲ್ಕು ಬೆರಳಾದ್ರೂ ಬೆಳೆದಿರ್ಬೇಕಮ್ಮ’ ಅಂದೆ. ಅಷ್ಟೇ, ಆ ಕಡೆಯಿಂದ ಕತ್ತರಿ ಸದ್ದು ಶುರುವಾಯ್ತು. ಇವತ್ತು ಕೇಳಿದ್ರೆ, ಬೀದಿ ಕೊನೇ ಔಷಧಿ ಅಂಗಡಿಯೋನಿಗೂ ಗೊತ್ತಂತೆ, ನೀನು ಉದ್ದ ಆಗಿರೋದು.

ದಿಂಬಿನ ವಿಷಯ ಕೇಳಿದ್ಯಲ್ಲ. ಗಲೀಬಿಗೆ ಒಂದು ಕಡೆ ಹೊಲಿಗೆ ಇರಲ್ಲ, ಬಾಯಿ ತೆರೆದಿರುತ್ತೆ, ಒಳಗಿನ ದಿಂಬಿನ ಕೊಳೆ ಕಲೆ ಎಲ್ಲ ಅಲ್ಲಿ ಇಣುಕುತ್ತೆ. ಬಾಗಿಲು ತೆಗೆದು ಒಳಗೆ ಬಂದೋರಿಗೆ ಅದು ಕಾಣಬಾರದು. ಬಾಯಿ ಆ ಕಡೆ ಗೋಡೆಗೆ ತಿರುಗಿಸಿ ಇಡ್ಬೇಕು. ಬಾಗಿಲಿಂದ ನೋಡಿದ್ರೆ ಎಲ್ಲ ಚೆಂದ. ಇಷ್ಟೇ ಅದರ ಶಾಸ್ತ್ರ.

ಸುದ್ದಿ ಇನ್ನೂ ಬಂದಿಲ್ಲ. ಬರುತ್ತೆ.


ಫೆಬ್ರವರಿ 22
ತಮ್ಮ, ಟೈಪ್ ಮಾಡಿದ್ದು

ಅಕ್ಕ,

ಅಮ್ಮನ ಪಾರ್ಸೆಲ್ ಬಂತು. ಎರಡು ಪ್ಯಾಂಟುಗಳು, ಒಂದು ಬೂದು, ಒಂದು ಕಡು ನೀಲಿ. ಹೊಲಿಗೆ ಅಂಗಡಿಯದಕ್ಕಿಂತ ಚೆನ್ನಾಗಿದೆ. ಉದ್ದ ಸರಿಯಾಗಿದೆ ಎಂದು ಅಮ್ಮನಿಗೆ ಹೇಳು.

ನನ್ನ ಜಾಗ ಮತ್ತೆ ಬದಲಾಗಿದೆ. ಮೂರನೆಯ ಮಹಡಿಯ ತರಗತಿಯಿಂದ ನೆಲಮಹಡಿಗೆ ಬಂದಿದ್ದೇನೆ. ಮೆಟ್ಟಿಲು ಹತ್ತುವ ಕಷ್ಟ ತಪ್ಪಿತು. ಇಲ್ಲಿ ಹುಡುಗರು ಹೆಚ್ಚು ಮಾತಾಡುವುದಿಲ್ಲ. ಮೇಷ್ಟ್ರೂ ಅಷ್ಟೆ, ಬೇಗ ಬಂದು ಬೇಗ ಹೋಗುತ್ತಾರೆ. ಸೈಕಲ್ ಅಂಗಡಿ ಇಲ್ಲಿಂದ ಇನ್ನೂ ಹತ್ತಿರ.

ನಿನ್ನ ಸುದ್ದಿ ಏನಾಯಿತು?


ಫೆಬ್ರವರಿ 23
ಅಕ್ಕ, ಧ್ವನಿ ಸಂದೇಶ

ಪುಣ್ಯವಂತ ನೀನು. ಇಲ್ಲಿ ಲಿಫ್ಟು ಇವತ್ತೂ ಕೆಟ್ಟಿತ್ತು. ಹೆಗಲ ಮೇಲೆ ಚಾದರದ ಗಂಟು ಹೊತ್ಕೊಂಡು ಹತ್ತಿ ಇಳಿದು ಮಂಡಿ ಚಿಪ್ಪು ಕಳಚಿ ಕೈಗೆ ಬಂತು. ನೆಲಮಹಡಿ ಬೆಲೆ ನನ್ನ ಕೇಳು. ಕೋಚಿಂಗಿನೋರಿಗೆ ಬುದ್ಧಿ ಇದೆ, ಪರೀಕ್ಷೆ ಹತ್ರ ಬಂತು, ಓದೋ ಹುಡುಗರು ಸುಮ್ನೆ ಹತ್ತಿ ಇಳಿದು ದಣೀಬಾರದು ಅಂತ ಕೆಳಗೆ ಹಾಕಿದಾರೆ.

ಅಮ್ಮಂಗೆ ಪ್ಯಾಂಟು ಸರಿ ಹೋಯ್ತು ಅಂದೆ. ಅವಳ ಖುಷಿ ನೋಡ್ಬೇಕಿತ್ತು. ‘ನೋಡಿದ್ಯಾ, ಟೇಪು ಇಲ್ದೆ, ಮಗನ್ನ ನೋಡ್ದೆ, ಬರೀ ಅಂದಾಜಲ್ಲಿ’ ಅಂತ ಬೀಗಿದ್ದೇ ಬೀಗಿದ್ದು. ಹಾಕ್ಕೊಂಡು ಒಂದು ಫೋಟೋ ಕಳಿಸಪ್ಪಾ. ತಲೆಯಿಂದ ಕಾಲಿನವರೆಗೂ ಬರ್ಬೇಕು, ಪಾಸ್‌ಪೋರ್ಟ್ ಥರ ಬರೀ ಮೂತಿ ಕಳಿಸ್ಬೇಡ.

ನನ್ನ ಸುದ್ದಿ ಬಿಡು. ಅಂಥ ದೊಡ್ಡದೇನಲ್ಲ ಅದು.


ಮಾರ್ಚ್ 8
ಅಕ್ಕ, ಧ್ವನಿ ಸಂದೇಶ

ಏನ್ ಮೇಷ್ಟ್ರೇ, ಬಾಯಿಗೆ ಬೀಗ ಹಾಕಿ ಕೀಲಿ ಬಾವಿಗೆ ಎಸೆದ್ರಾ? ಫೋಟೋ ಇಲ್ಲ, ಮಾತಿಲ್ಲ. ಮೂರು ಸಲ ಕಳಿಸಿದೆ, ಕೇಳಿದೀಯ ಅಂತ ತೋರಿಸ್ತಿದೆ, ಉತ್ತರ ಇಲ್ಲ. ಓದ್ತಿರ್ತೀಯ, ಗೊತ್ತು. ಇವತ್ತು ಕೈಗವಸಿನಮ್ಮ ತೊಂಬತ್ತೊಂಬತ್ತು ಕೊಟ್ಳು. ಆ ಒಂದು ಯಾಕೆ ಕಟ್ ಅಂದ್ರೆ, ‘ನೂರು ಕೊಟ್ರೆ ನಾಳೆಯಿಂದ ನಾನು ಯಾಕೆ ಬೇಕು’ ಅಂದ್ಳು. ನಗು ಬಂತು. ನಿಂಗೂ ಬಂದ್ರೆ ಒಂದು ಅಕ್ಷರ ಕಳಿಸು.


ಮಾರ್ಚ್ 19
ಅಕ್ಕ, ಧ್ವನಿ ಸಂದೇಶ

ಲೋ. ಇದನ್ನ ಎರಡು ಸಲ ಹೇಳಿ ಅಳಿಸಿದೀನಿ. ಈ ಸಲ ಹೇಗೆ ಬರುತ್ತೋ ಹಾಗೇ ಇರ್ಲಿ.

ನಮ್ಮ ಹೋಟೆಲ್ ನೆಲಮಾಳಿಗೇಲಿ ಬಟ್ಟೆ ಇಸ್ತ್ರಿ ಮಾಡೋ ಅಣ್ಣ ಒಬ್ರಿದ್ದಾರೆ, ನಮ್ಮ ಭಾಷೆಯೋರೇ. ಊಟದ ಹೊತ್ತಲ್ಲಿ ಸುಮ್ನೆ ನಿನ್ನ ಬಗ್ಗೆ ಕೊಚ್ಕೋತಾ ಕೂತಿದ್ದೆ. ನಮ್ಮ ಹುಡುಗ ಉದ್ದ ಆಗಿ ಕೊನೇ ಸಾಲಿಗೆ ಹೋದ, ಈಗ ನೆಲಮಹಡೀಲಿ ಆರಾಮಾಗಿ ಇದಾನೆ ಅಂದೆ. ಅವರು ಇಸ್ತ್ರಿ ಪೆಟ್ಟಿಗೆ ಎತ್ತಿ ಪಕ್ಕಕ್ಕಿಟ್ರು. ‘ತಂಗೀ, ನಾನೂ ಅಂಥ ಕಡೆ ಎರಡು ವರ್ಷ ಕೂತು ಬಂದೋನು. ಅಲ್ಲಿ ಯಾರೂ ಎತ್ತರ ಅಳೆಯಲ್ಲ. ಪ್ರತಿ ಟೆಸ್ಟ್ ಆದ್ಮೇಲೆ ಮಾರ್ಕು ನೋಡಿ ಜಾಗ ಬದಲಾಯಿಸ್ತಾರೆ. ಕಮ್ಮಿ ಬಂದೋರು ಹಿಂದೆ. ಇನ್ನೂ ಕಮ್ಮಿ ಬಂದೋರು ಕೆಳಗಿನ ಮಹಡಿ’ ಅಂದ್ರು. ಪೆಟ್ಟಿಗೆ ಆರಿ ತಣ್ಣಗಾಯ್ತು.

ನೀನು ಸುಳ್ಳು ಹೇಳ್ಲಿಲ್ಲ ಕಣೋ. ಕಿಟಕಿ ನಿಜ, ಗಾಳಿ ನಿಜ, ಮೆಟ್ಟಿಲು ತಪ್ಪಿದ್ದೂ ನಿಜ. ದಿಂಬಿನ ಬಾಯಿ ಗೋಡೆ ಕಡೆ ತಿರುಗಿಸಿ ಇಟ್ಟೆ, ಅಷ್ಟೆ. ಅದನ್ನ ಕಲಿಸಿಕೊಟ್ಟವಳೂ ನಾನೇ ಅಲ್ವಾ. ಅಮ್ಮ ನಾನು ಇಬ್ರೂ ಬಾಗಿಲಲ್ಲೇ ನಿಂತ್ಕೊಂಡು ಚೆಂದ ಇದೆ, ಚೆಂದ ಇದೆ ಅಂತಿದ್ವಿ. ಒಳಗೆ ಬರ್ಲೇ ಇಲ್ಲ.

ಬೈಯಲ್ಲ. ಮಾರ್ಕು ಎಷ್ಟು ಅಂತಲೂ ಕೇಳಲ್ಲ. ಊಟ ಮಾಡ್ತಿದೀಯಾ? ನಿದ್ದೆ ಬರ್ತಿದೆಯಾ? ಕೆಟ್ಟ ಯೋಚನೆ ಏನಾದ್ರೂ ತಲೇಲಿ ಓಡ್ತಿದ್ರೆ ಸುತ್ತಿ ಬಳಸಿ ಹೇಳ್ಬೇಡ, ನೇರವಾಗಿ ಹೇಳು. ನಾನು ಗಟ್ಟಿ ಇದೀನಿ, ತಡ್ಕೋತೀನಿ.


ಮಾರ್ಚ್ 20
ತಮ್ಮ, ಟೈಪ್ ಮಾಡಿದ್ದು

ಅಕ್ಕ,

ಮೊದಲು ಕೊನೆಯ ಪ್ರಶ್ನೆಗೆ ಉತ್ತರ. ನೀನು ಹೆದರುವಂಥ ಯೋಚನೆ ಇಲ್ಲ. ಯಾರೂ ಏನೂ ಕೇಳದ ಒಂದು ಕಡೆ ಹೋಗಿ ಬಹಳ ಹೊತ್ತು ಮಲಗಬೇಕು ಅನ್ನಿಸುತ್ತದೆ, ಅಷ್ಟೆ.

ಊಟ ಮಾಡುತ್ತೇನೆ. ಟೆಸ್ಟ್ ಇರುವ ದಿನ ಮಾಡುವುದಿಲ್ಲ, ಮಾಡಿದರೆ ನಿಲ್ಲುವುದಿಲ್ಲ. ಜನವರಿಯ ಒಂದು ಟೆಸ್ಟಿನಲ್ಲಿ, ಉತ್ತರದ ಹಾಳೆಯಲ್ಲಿ ಒಂದು ಉತ್ತರದ ವೃತ್ತವನ್ನು ತಪ್ಪು ಸಾಲಿನಲ್ಲಿ ತುಂಬಿದೆ. ಆಮೇಲಿನದೆಲ್ಲ ಒಂದೊಂದು ಸಾಲು ಕೆಳಗೆ ಹೋಯಿತು. ಗೊತ್ತಾದಾಗ ಹೊತ್ತು ಮುಗಿದಿತ್ತು. ಆವತ್ತಿನಿಂದ ಒಂದು ಉತ್ತರ ತುಂಬಿದರೆ ನಾಲ್ಕು ಸಲ ಬೆರಳಿಟ್ಟು ಸಾಲು ಎಣಿಸುತ್ತೇನೆ. ಎಣಿಸುತ್ತಿರುವಾಗಲೇ ಗಂಟೆ ಹೊಡೆಯುತ್ತದೆ. ಬರುವ ಲೆಕ್ಕವೂ ಖಾಲಿ ಉಳಿಯುತ್ತದೆ. ಎರಡನೆಯ ಸಾಲಿನಿಂದ ಹಿಂದಕ್ಕೆ ಹೋದದ್ದು ಹೀಗೆ. ಎಲ್ಲರೂ ನೋಡುತ್ತಿರುವಾಗ ಪುಸ್ತಕ ಎತ್ತಿಕೊಂಡು ಹಿಂದಕ್ಕೆ ನಡೆಯಬೇಕು. ಕೆಳಗಿನ ಮಹಡಿಗೆ ಹೋದ ದಿನ ಚೀಲವನ್ನೇ ಬೆನ್ನಿಗೆ ಹಾಕಿಕೊಂಡು ಇಳಿದೆ.

ಈಗ ಹತ್ತು ದಿನದಿಂದ ತರಗತಿಗೇ ಹೋಗುತ್ತಿಲ್ಲ. ಬೆಳಗ್ಗೆ ಹೊರಟು ಸೈಕಲ್ ಅಂಗಡಿಯಲ್ಲಿ ಕೂರುತ್ತೇನೆ. ಅವರು ಏನೂ ಕೇಳಲಿಲ್ಲ, ಒಂದು ಸ್ಟೂಲ್ ಕೊಟ್ಟರು. ಒಂದು ದಿನ ಮಾತ್ರ, ‘ಕೂತ್ಕೊಳ್ಳಪ್ಪ, ಗಾಳಿ ಹೋಗಿರೋದಾ ತೂತಾಗಿರೋದಾ ಅಂತ ನೀರಿಗೆ ಹಾಕಿದ್ಮೇಲೇ ಗೊತ್ತಾಗೋದು’ ಎಂದರು. ಟ್ಯೂಬಿಗೆ ಹೇಳಿದರೋ ನನಗೆ ಹೇಳಿದರೋ ತಿಳಿಯಲಿಲ್ಲ.

ಉದ್ದ ಸರಿಯಾಗಿದೆ ಎಂದದ್ದು ಮಾತ್ರ ಸುಳ್ಳು. ಅಮ್ಮನ ಪ್ಯಾಂಟು ನಾಲ್ಕು ಬೆರಳು ಉದ್ದ. ನಾನು ಒಂದು ಬೆರಳೂ ಬೆಳೆದಿಲ್ಲ. ದಿನಾ ಬೆಳಗ್ಗೆ ಕೆಳಗೆ ಮಡಚಿಕೊಳ್ಳುತ್ತೇನೆ. ಮಡಚುವಾಗಲೆಲ್ಲ, ಇದನ್ನು ಅಮ್ಮ ಬೇರೆ ಯಾವನೋ ಹುಡುಗನಿಗೆ ಹೊಲಿದಿದ್ದಾಳೆ, ಅವನು ಎಲ್ಲೋ ಇದ್ದಾನೆ, ಅವನಿಗೆ ಇದು ಸರಿಹೋಗುತ್ತದೆ ಅನ್ನಿಸುತ್ತದೆ.

ಭಾನುವಾರ ಬೆಳಗ್ಗೆ ಆ ಕಾಲೇಜಿನ ಪರೀಕ್ಷೆ. ನಾನು ಹೋಗೋದಿಲ್ಲ ಅಕ್ಕ. ಚೀಲ ಕಟ್ಟಿಟ್ಟಿದೀನಿ. ಆದರೆ ಮನೆಗೂ ಹೋಗೋಕಾಗಲ್ಲ. ಅಮ್ಮ ಬೀದಿಗೆಲ್ಲ ಹೇಳಿಕೊಂಡಿದಾಳೆ. ಓದಿನ ಸುಳ್ಳಾದರೆ ಹೇಗೋ ಮುಚ್ಚಬಹುದಿತ್ತು. ಇದು, ನಾನು ಹೋಗಿ ಬಾಗಿಲಲ್ಲಿ ನಿಂತ ತಕ್ಷಣ ಎಲ್ಲರಿಗೂ ಕಾಣುತ್ತೆ. ಇದ್ದಷ್ಟೇ ಇದೀನಿ ಅಂತ.

ಇನ್ನು ಬರೆಯೋಕಾಗ್ತಿಲ್ಲ.


ಮಾರ್ಚ್ 21
ಅಕ್ಕ, ಧ್ವನಿ ಸಂದೇಶ

ಪೂರ್ತಿ ಕೇಳು, ಮಧ್ಯೆ ನಿಲ್ಲಿಸ್ಬೇಡ.

ಅಮ್ಮಂಗೆ ಎಲ್ಲ ಹೇಳ್ದೆ. ಸಿಟ್ಟು ಮಾಡ್ಕೋಬೇಡ, ಇದು ನನ್ನೊಬ್ಬಳ ಹೊಟ್ಟೇಲಿ ಹಿಡಿಯೋ ಮಾತಲ್ಲ. ಮಿಷನ್ ನಿಂತ್ಹೋಯ್ತು. ಅಳ್ತಿದಾಳೇನೋ ಅಂದ್ಕೊಂಡೆ. ಆಮೇಲೆ ಅಂತಾಳೆ, ‘ಹಾಗಾದ್ರೆ ಆ ಪ್ಯಾಂಟು ಕಾಲಿಗೆ ತೊಡರುತ್ತಲ್ಲೇ. ಇಷ್ಟು ದಿನ ಅದನ್ನೇ ಹಾಕ್ಕೊಂಡು ಮೆಟ್ಟಿಲು ಇಳಿದನಾ? ಬಿದ್ದುಗಿದ್ದನೇನೇ?’ ಅಂತ.

ಅಮ್ಮಾ, ಅವನು ಪರೀಕ್ಷೆಗೇ ಹೋಗಲ್ಲ ಅಂತಿದಾನೆ ಅಂದೆ. ‘ಅದು ಆಮೇಲೆ ನೋಡೋಣ. ಮೊದಲು ಬಸ್ಸು ಎಷ್ಟೊತ್ತಿಗಿದೆ ಹೇಳು’ ಅಂದ್ಳು. ಬೀದಿಯೋರು ಏನಂತಾರೆ ಅಂತ ನಾನೇ ಬಾಯಿ ತಪ್ಪಿ ಕೇಳಿದೆ. ‘ಬೀದಿಯೋರ ಪ್ಯಾಂಟು ಹೊಲಿಯೋಳು ನಾನು. ಯಾರ ಯಾರ ಸೊಂಟ ಎಷ್ಟೆಷ್ಟು ಅಂತ ನಂಗೆ ಗೊತ್ತು. ಬಾಯಿ ಬಿಡಲಿ ನೋಡ್ತೀನಿ’ ಅಂದ್ಳು. ಶನಿವಾರ ರಾತ್ರಿ ಬಸ್ಸು ಹತ್ತಿ ಭಾನುವಾರ ಬೆಳಕು ಹರಿಯೋ ಹೊತ್ತಿಗೆ ನಿನ್ನ ಹಾಸ್ಟೆಲ್ ಗೇಟ್ ಹತ್ರ ಇರ್ತಾಳೆ. ಸೂಜಿ, ದಾರ, ಕತ್ತರಿ ಚೀಲಕ್ಕೆ ಹಾಕ್ಕೊಂಡಾಗಿದೆ. ನೀನು ಬೂದು ಪ್ಯಾಂಟು ಹಾಕ್ಕೊಂಡು ಬಂದು ಅವಳ ಎದುರು ನಿಂತ್ಕೋ ಸಾಕು. ಬೇರೆ ಯಾವ ಹುಡುಗನ್ನೂ ಹುಡುಕ್ಕೊಂಡು ಬರ್ತಿಲ್ಲ ಅವಳು. ಇದ್ದಷ್ಟೇ ಇರೋನ ಕಾಲಿಗೆ ಮಡಚಿ ಹೊಲಿಯೋಕೆ ಬರ್ತಿದಾಳೆ.

ಆ ಸುದ್ದಿ ಏನು ಅಂತ ಕೇಳ್ತಿದ್ಯಲ್ಲ. ಹೇಳ್ತೀನಿ. ಇಲ್ಲಿ ಕೆಳಗೆ ಅತಿಥಿಗಳು ಬಂದಾಗ ಮೇಜಿನ ಹಿಂದೆ ನಿಂತು ಮಾತಾಡಿಸ್ತಾರಲ್ಲ, ಆ ಕೆಲಸಕ್ಕೆ ಒಂದು ಪರೀಕ್ಷೆ ಇಟ್ಟಿದ್ರು. ‘ನಿಮ್ಮ ಪ್ರಯಾಣ ಸುಖವಾಗಿತ್ತಾ’ ಅಂತ ಇಲ್ಲಿನ ಭಾಷೇಲಿ ನಗ್ತಾ ಕೇಳ್ಬೇಕು. ಎರಡು ಸಲ ಕೂತೆ. ಮೊದಲನೇ ಸಲ ಬಾಯಿ ಒಣಗಿ ಮಾತೇ ಹೊರಡ್ಲಿಲ್ಲ. ಎರಡನೇ ಸಲ ‘ನಿಮ್ಮ ದಿಂಬು ಸುಖವಾಗಿತ್ತಾ’ ಅಂದ್ಬಿಟ್ಟೆ. ಕೈಗವಸಿನಮ್ಮ ಅಲ್ಲೇ ಕೂತಿದ್ಳು, ಕೈಗವಸು ಬಾಯಿಗೆ ತುರುಕ್ಕೊಂಡು ನಕ್ಕಳು. ಎರಡು ಸಲಾನೂ ಫೇಲು. ನಿಂಗೆ ಯಾಕೆ ಹೇಳ್ಲಿಲ್ಲ ಅಂದ್ರೆ, ಪರೀಕ್ಷೆಗೆ ಓದ್ತಿರೋನು, ನನ್ನ ಫೇಲು ನೆಗಡಿ ಥರ ನಿಂಗೂ ತಗುಲಿಬಿಟ್ರೆ ಅಂತ. ನೋಡಿದ್ಯಾ ನಮ್ಮಿಬ್ಬರ ಬುದ್ಧಿ. ನೀನು ಅಲ್ಲಿ ದಿಂಬು ತಿರುಗಿಸ್ತಿದ್ದೆ, ನಾನು ಇಲ್ಲಿ.

ಪರೀಕ್ಷೆ ಬರೀ ಅಂತಾನೂ ಹೇಳಲ್ಲ, ಬಿಡು ಅಂತಾನೂ ಹೇಳಲ್ಲ. ಆಸೆ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಆ ಕಾಲೇಜಿನ ಗೇಟಲ್ಲಿ ನಿನ್ನ ನೋಡ್ಬೇಕು ಅಂತ ನಂಗೆ ಬಹಳ ಇತ್ತು, ಈಗಲೂ ಇದೆ. ಆದ್ರೆ ಅದು ನನ್ನ ಗಂಟು, ನಾನೇ ಹೊತ್ಕೋತೀನಿ. ದಿನಾ ಚಾದರದ ಗಂಟು ಹೊತ್ತು ಅಭ್ಯಾಸ ಇದೆ. ಪರೀಕ್ಷೆ ಕೇಂದ್ರದ ಒಳಗೆ ಹೋದ್ರೆ ಸಾಲು ನಾಲ್ಕು ಸಲ ಎಣಿಸು, ಐದು ಸಲ ಎಣಿಸು, ಎಷ್ಟು ಖಾಲಿ ಉಳಿದ್ರೂ ಉಳೀಲಿ. ಗೇಟಿಂದಾನೇ ವಾಪಸ್ ಬಂದ್ರೂ ಬಾ. ಅಮ್ಮ ಕಲ್ಲು ಬೆಂಚೋ ಮರದ ಬುಡಾನೋ ನೋಡ್ಕೊಂಡು ಕೂತಿರ್ತಾಳೆ, ಎಲ್ಲಿಗೂ ಹೋಗಲ್ಲ. ಬಂದ್ಮೇಲೆ ಮನೇಲಿ ಎಷ್ಟು ದಿನ ಬೇಕಾದ್ರೂ ಮಲಕ್ಕೋ. ಆ ಎಣಿಕೆ, ವಾಂತಿ ಎಲ್ಲ ಸುಮ್ನೆ ಬಿಡೋ ವಿಷಯ ಅಲ್ಲ. ಮುಂದಿನ ವಾರ ಅಮ್ಮನ ಜೊತೆ ಹೋಗಿ ಡಾಕ್ಟರಿಗೆ ತೋರಿಸ್ಕೋಬೇಕು. ಅದಕ್ಕೆ ಮಾತ್ರ ನಿನ್ನ ಒಪ್ಪಿಗೆ ಕೇಳಲ್ಲ.

ಇವತ್ತು ನಾಳೆ ಎರಡು ದಿನ ಒಬ್ನೇ ಇರ್ಬೇಡ. ದಿಂಬಿನ ಪಾಠ ಸಿಲಬಸ್ಸಲ್ಲಿದೆಯಾ ಅಂತ ಗಾಬರಿಯಾದನಲ್ಲ ನಿನ್ನ ಕೋಣೆಯೋನು, ಅವನಿಗೆ ಇದೆ ಅಂತ ಹೇಳು. ಅವನಿಗೂ ಒಳಗೊಳಗೇ ಏನೇನು ಇದೆಯೋ ಪಾಪ. ಇಬ್ರೂ ಒಟ್ಟಿಗೆ ಊಟಕ್ಕೆ ಹೋಗಿ. ನಾಳೆ ಹಗಲು ಸೈಕಲ್ ಅಂಗಡೀಲಿ ಕೂತ್ರೂ ಸರಿ. ಆ ಯಜಮಾನರಿಗೆ ನಮ್ಮಕ್ಕ ನಮಸ್ಕಾರ ಹೇಳಿದಾಳೆ ಅನ್ನು.

ಕೆಲಸದ ಹೊತ್ತಲ್ಲಿ ಇಲ್ಲಿ ಫೋನ್ ಹತ್ರ ಇಟ್ಕೊಳ್ಳೋಂಗಿಲ್ಲ, ಲಾಕರಲ್ಲಿ ಇಡ್ಬೇಕು. ಕೈಗವಸಿನಮ್ಮನ ಹತ್ರ ಹೋಗಿ, ಭಾನುವಾರ ನನ್ನ ತಮ್ಮ ಫೋನ್ ಮಾಡ್ತಾನೆ ಅಂದೆ. ಏನು ಎತ್ತ ಕೇಳ್ಲಿಲ್ಲ ಅವಳು. ಕೈಗವಸಿನ ಬೆರಳಲ್ಲಿ ನನ್ನ ಏಪ್ರನ್ ಜೇಬು ಮುಟ್ಟಿ ತೋರಿಸಿದ್ಳು, ಅಷ್ಟೆ.

ಪರೀಕ್ಷೆ ಬರೆದ್ರೆ ಒಂದು ಗಂಟೆಗೆ ಹೊರಗೆ ಬರ್ತೀಯ. ಬರೀದೇ ಇದ್ರೆ ಅಷ್ಟೊತ್ತಿಗೆ ಅಮ್ಮನ ಪಕ್ಕ ಬಸ್ಸಲ್ಲಿ ಕೂತಿರ್ತೀಯ, ಕಿಟಕಿ ಜಾಗ ನಿಂದೇ. ಎರಡಕ್ಕೂ ಬೇರೆ ಬೇರೆ ಟೈಮು ಬೇಡ. ಟೈಪ್ ಮಾಡ್ಬೇಡ, ಅಮ್ಮನ ಫೋನಿಂದ ಮಾತಾಡ್ಬೇಕು. ನಿಮ್ಮ ಗಡಿಯಾರದಲ್ಲಿ ಒಂದೂಕಾಲಿಗೆ ಫೋನ್ ಮಾಡು.